ಹಳೆಯ ಕಾರಿನ ಎಂಜಿನ್ ಸದ್ದು: ಎಲ್ಲಿಂದ ಎನ್ನುವ ಮೊದಲು ಯಾವಾಗ ಎಂದು ಕೇಳಿ

ಹದಿನೈದು ವರ್ಷ ದಾಟಿದ ಮಾರುತಿ 800, ಝೆನ್, ಆಲ್ಟೊ, ಸ್ಯಾಂಟ್ರೊ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಮಾತೊಂದಿದೆ: "ಸಾರ್, ಎಂಜಿನ್ ಇಳಿಸಬೇಕಾಗುತ್ತದೆ." ಬಾನೆಟ್ ಎತ್ತಿ, ಅರ್ಧ ನಿಮಿಷ ಕಿವಿಗೊಟ್ಟು, ಕೈ ಒರೆಸಿಕೊಳ್ಳುತ್ತಾ ಹೇಳುವ ಈ ಮಾತು ಕೆಲವೊಮ್ಮೆ ನಿಜವೇ. ಆದರೆ ಸಡಿಲವಾದ ಸ್ಪಾರ್ಕ್ ಪ್ಲಗ್, ಒಣಗಿ ಬಿರುಕುಬಿಟ್ಟ ಬೆಲ್ಟ್, ತುಕ್ಕು ಹಿಡಿದ ಸೈಲೆನ್ಸರ್ ಕ್ಲಾಂಪ್ ಕೂಡ ಕೇಳುವವರ ಎದೆ ನಡುಗಿಸುವಂಥ ಸದ್ದು ಮಾಡಬಲ್ಲವು. ಎಂಜಿನ್ ಇಳಿಸಲು ಒಪ್ಪಿಕೊಳ್ಳುವ ಮೊದಲು ಮಾಲೀಕರೇ ಮನೆಯಂಗಳದಲ್ಲಿ ಮಾಡಬಹುದಾದ ಪರೀಕ್ಷೆಗಳು ಸಾಕಷ್ಟಿವೆ. ಅವಕ್ಕೆ ಬೇಕಾಗುವುದು ಒಂದು ಟಾರ್ಚು, ಒಂದು ಉದ್ದನೆಯ ಸ್ಕ್ರೂಡ್ರೈವರ್, ಬಾಟಲಿಯಲ್ಲಿ ಒಂದಿಷ್ಟು ನೀರು, ಮತ್ತು ಹೇಳಿದಾಗ ಆಕ್ಸಿಲರೇಟರ್ ಒತ್ತಲು ಇನ್ನೊಬ್ಬರು.

ಸದ್ದಿಗೆ ಹೆಸರಿಡುವ ಆತುರ ಬೇಡ. ಟಕಟಕ ಎನ್ನುವ ಒಂದೇ ಸದ್ದು ಎಂಜಿನ್ನಿನ ವಾಲ್ವ್‌ಗಳನ್ನು (ಗಾಳಿ ಬರುವ, ಹೊಗೆ ಹೋಗುವ ಬಾಗಿಲುಗಳನ್ನು) ಒತ್ತಿ ತೆರೆಯುವ ಟ್ಯಾಪೆಟ್‌ನದಿರಬಹುದು, ಹೊಗೆ ಕೊಳವೆಯ ಸಂದು ಮುಚ್ಚುವ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿರುವುದರಿಂದ ಬಂದದ್ದಿರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನದೂ ಇರಬಹುದು. ಕೊನೆಯದು ದೋಷವೇ ಅಲ್ಲ, ಅದು ಇರಬೇಕಾದ ಸದ್ದು. ಮೂರನ್ನೂ ಕಿವಿಯೊಂದರಿಂದಲೇ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ಸಾಯುತ್ತದೆ ಎಂದು ಗಮನಿಸಿದರೆ ಕೆಲಸ ಅರ್ಧ ಮುಗಿದಂತೆ.

ಮೊದಲು ಆಯಿಲ್

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಡಿ, ಮೇಲೆ ಏರಿದ ಆಯಿಲ್ ಕೆಳಗಿಳಿಯಲಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬಬೇಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಇಳಿದಿದ್ದರೆ ಬೇರೆ ಯಾವ ಪತ್ತೇದಾರಿಕೆಯೂ ಬೇಡ, ಮೊದಲು ಆಯಿಲ್ ಸೇರಿಸಿ. ಹಳೆಯ ಎಂಜಿನ್‌ಗಳು ಆಯಿಲ್ ಕುಡಿಯುತ್ತವೆ. ಸರ್ವೀಸಿನಿಂದ ಸರ್ವೀಸಿಗೆ ಡಿಪ್‌ಸ್ಟಿಕ್ ಮುಟ್ಟದವರ ಕಾರಿನಲ್ಲಿ ಟ್ಯಾಪೆಟ್ ಸದ್ದು ಶುರುವಾಗುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಆಯಿಲ್‌ನ ಎರಡು ಹನಿಯನ್ನು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿದ್ದರೆ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುವುದು ಸಹಜ. ಆದರೆ ಅದರಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಒಳಗಿನ ಯಾವುದೋ ಭಾಗ ಸವೆಯುತ್ತಿದೆ ಎಂದರ್ಥ. ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಬರೀ ಎರಡು ಕಿಲೋಮೀಟರ್ ಓಡಿಸುವ ಕಾರಿನ ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಇಂಥ ನೊರೆ ಕಂಡರೆ ಅದು ಒಳಗಿನ ತೇವಾಂಶ, ಒಂದು ದೂರದ ಪ್ರಯಾಣ ಮಾಡಿಬಂದರೆ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿಯೂ ಹಾಗೆಯೇ ಇದ್ದರೆ ಎಂಜಿನ್ನಿನ ಮೇಲಿನ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು, ಕಾರು ಓಡಿಸಬಾರದು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪದ ಬಗ್ಗೆ ಒಂದು ಮಾತು. ಅದು ಹೇಳುವುದು ಆಯಿಲ್‌ನ ಒತ್ತಡವನ್ನು, ಪ್ರಮಾಣವನ್ನಲ್ಲ. ಎಂಜಿನ್ ಓಡುವಾಗ ಆ ದೀಪ ಹೊತ್ತಿಕೊಂಡು, ಜೊತೆಗೆ ಕೆಳಗಿನಿಂದ ಗುದ್ದುವ ಸದ್ದೂ ಕೇಳಿದರೆ ಆ ಕ್ಷಣವೇ ರಸ್ತೆ ಬದಿಗೆ ಸರಿಸಿ ಎಂಜಿನ್ ಬಂದ್ ಮಾಡಿ. "ಗ್ಯಾರೇಜ್ ಇಲ್ಲೇ ಇದೆ, ಮೆಲ್ಲಗೆ ಹೋಗಿಬಿಡೋಣ" ಎಂದು ಹೊರಟವರು ಬೇರಿಂಗ್‌ನಲ್ಲಿ ಮುಗಿಯಬೇಕಿದ್ದ ಕೆಲಸವನ್ನು ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್‌ವರೆಗೆ ಎಳೆದಿದ್ದಾರೆ. ಟೋ ಮಾಡಿಸುವ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಸದ್ದು ಎಂಜಿನ್ನಿನದೇ ಹೌದೇ?

ಎಂಜಿನ್ ಸದ್ದು ಎಂದುಕೊಂಡು ಗ್ಯಾರೇಜಿಗೆ ಬರುವ ಸದ್ದುಗಳಲ್ಲಿ ಎಷ್ಟೋ ಎಂಜಿನ್ನಿನವಲ್ಲ. ಕಾರು ನಿಂತಿರುವಾಗ, ನ್ಯೂಟ್ರಲ್‌ನಲ್ಲಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ಎಂಜಿನ್ ವೇಗ ಹೆಚ್ಚಿದಂತೆ ಸದ್ದಿನ ಲಯವೂ ಹೆಚ್ಚಿದರೆ ಅದು ಎಂಜಿನ್ ಅಥವಾ ಅದಕ್ಕೆ ಬೆಲ್ಟ್ ಹಾಕಿಕೊಂಡು ತಿರುಗುವ ಯಾವುದಾದರೂ ಭಾಗದ್ದು. ನಿಂತಾಗ ಏನೂ ಕೇಳದೆ ಓಡುವಾಗ ಮಾತ್ರ ಕೇಳುತ್ತಿದ್ದರೆ, ಜನಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ಐವತ್ತರ ವೇಗಕ್ಕೆ ಏರಿಸಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಐಡ್ಲಿಂಗ್‌ಗೆ ಇಳಿದರೂ ಸದ್ದು ಹಾಗೇ ಮುಂದುವರಿದರೆ ಅದು ಚಕ್ರಗಳ ಕಡೆಯದು: ವ್ಹೀಲ್ ಬೇರಿಂಗ್, ಟೈರು, ಬ್ರೇಕು. ಈ ಪರೀಕ್ಷೆಯಲ್ಲಿ ಇಗ್ನಿಷನ್ ಮಾತ್ರ ಎಂದೂ ಬಂದ್ ಮಾಡಬೇಡಿ. ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕ್ ಬೂಸ್ಟರ್‌ನ ಬಲವೂ ಹೋಗುತ್ತದೆ.

ವ್ಹೀಲ್ ಬೇರಿಂಗ್‌ನ ಗುಂಯ್ ಸದ್ದು ವೇಗದೊಂದಿಗೆ ಏರುತ್ತದೆ, ತಿರುವಿನಲ್ಲಿ ಕಾರಿನ ಭಾರ ಒಂದು ಬದಿಗೆ ವಾಲಿದಾಗ ಬದಲಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಯು-ತಿರುವು ತೆಗೆದುಕೊಳ್ಳುವಾಗ ಮಾತ್ರ ಕಟ್ ಕಟ್ ಎಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿರುವುದು ಚಕ್ರದ ಹಿಂದೆ ಬಗ್ಗಿ ನೋಡಿದರೆ ಕಾಣುತ್ತದೆ. ಮಣ್ಣು ರಸ್ತೆಯಲ್ಲಿ ಹೋಗಿ ಬಂದ ಮೇಲೆ ಕಿವಿ ಸೀಳುವಂತೆ ಕಿರ್ರೆನ್ನುವ ಸದ್ದು ಶುರುವಾಗಿದ್ದರೆ ಬ್ರೇಕ್ ಡಿಸ್ಕ್‌ಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡಿರಬಹುದು. ಸ್ವಲ್ಪ ಹಿಂದೆ ಮುಂದೆ ಓಡಿಸಿದರೆ ಅದೇ ಬಿದ್ದುಹೋಗುತ್ತದೆ.

ಇನ್ನು ಕ್ಲಚ್. ನ್ಯೂಟ್ರಲ್‌ನಲ್ಲಿ ನಿಂತ ಕಾರಿನ ಕ್ಲಚ್ ಪೆಡಲ್ ಒತ್ತಿ, ಬಿಡಿ. ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಗರಗರ ಎಂದು ಮರಳಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಇಷ್ಟು ಸರಳವಾದ, ಎಡಗಾಲಿನಿಂದ ಮಾಡುವ ಪರೀಕ್ಷೆಯನ್ನು ಮಾಡದೆಯೇ ಎಂಜಿನ್ ಬಿಚ್ಚುವ ಮಾತಾಡುವ ಮೆಕ್ಯಾನಿಕ್ ಬಳಿ ನಾನಾದರೆ ಕಾರು ಬಿಟ್ಟು ಬರುವುದಿಲ್ಲ.

ಒಂದೊಂದಾಗಿ ಆರಿಸಿ ನೋಡಿ

ಸದ್ದು ಎಂಜಿನ್ನಿನ ಕಡೆಯದೇ ಎಂದು ಖಚಿತವಾದ ಮೇಲೆ ಬಾನೆಟ್ ತೆಗೆಯಿರಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಸೀರೆಯ ಸೆರಗು, ದುಪಟ್ಟಾ, ಪಂಚೆಯ ತುದಿ, ಬಿಚ್ಚಿದ ಕೂದಲು, ಕೊರಳಿನ ಸರ, ಇವು ತಿರುಗುವ ಬೆಲ್ಟಿನ ಹತ್ತಿರ ಸುಳಿಯಲೇಬಾರದು. ರೇಡಿಯೇಟರ್ ಫ್ಯಾನ್ ವಿದ್ಯುತ್ತಿನಿಂದ ಓಡುವಂಥದ್ದು, ಯಾವ ಮುನ್ಸೂಚನೆಯೂ ಇಲ್ಲದೆ ತಟ್ಟನೆ ತಿರುಗುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡ, ಎಕ್ಸಾಸ್ಟ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಬಾನೆಟ್ ತೆಗೆದ ಕೂಡಲೇ ಒಮ್ಮೆ ಟಾರ್ಚು ಹಾಕಿ ನೋಡಿ. ಬಹಳ ದಿನ ನಿಂತ ಕಾರಾದರೆ ಇಲಿ ತಂದಿಟ್ಟ ನಾರು, ತೆಂಗಿನ ಚಿಪ್ಪಿನ ಚೂರು, ಒಣ ಎಲೆ ಇರುತ್ತವೆ. ಫ್ಯಾನಿನ ರೆಕ್ಕೆಗೆ ತಾಗುವ ಒಂದು ಕಡ್ಡಿ ಸಾಕು.

ಈಗ ಎಂಜಿನ್ ಚಾಲೂ ಮಾಡಿ, ಒಂದೊಂದೇ ಭಾಗಕ್ಕೆ ಕೆಲಸ ಕೊಟ್ಟು, ಕೆಲಸ ತೆಗೆದು ನೋಡಿ. ಎ.ಸಿ. ಹಾಕಿ, ಆರಿಸಿ. ಹಾಕಿದಾಗ ಮಾತ್ರ ಸದ್ದಿದ್ದರೆ ಕಂಪ್ರೆಸರ್ ಅಥವಾ ಅದರ ಬೆಲ್ಟ್. ಪವರ್ ಸ್ಟೇರಿಂಗ್ ಇದ್ದರೆ ಎರಡೂ ಕಡೆಗೆ ತಿರುಗಿಸಿ. ನರಳಿದಂಥ ಸದ್ದು ಬಂದರೆ ಅದರ ಆಯಿಲ್ ಕಡಿಮೆಯಾಗಿರಬಹುದು. ಹೆಡ್‌ಲೈಟ್, ಬ್ಲೋವರ್ ಎಲ್ಲ ಒಟ್ಟಿಗೆ ಹಾಕಿ. ಆಗ ಕಾರಿಗೆ ವಿದ್ಯುತ್ ಒದಗಿಸುವ ಆಲ್ಟರ್ನೇಟರ್ ಮೇಲೆ ಭಾರ ಬೀಳುತ್ತದೆ, ಬೆಲ್ಟ್ ಸಡಿಲವಿದ್ದರೆ ಕೀಚಲು ಸದ್ದು ಹೊರಡಿಸುತ್ತದೆ.

ಬೆಲ್ಟಿನ ಸದ್ದು ಬೆಳಗಿನ ಹೊತ್ತು, ಅದರಲ್ಲೂ ಮಳೆಗಾಲದ ಬೆಳಗ್ಗೆ, ಬೀದಿಗೆಲ್ಲ ಕೇಳುವಷ್ಟಿರುತ್ತದೆ. ಇದಕ್ಕೆ ನೀರಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ದೂರ ನಿಂತು, ಓಡುತ್ತಿರುವ ಬೆಲ್ಟಿನ ಒಳಮೈಗೆ ಸ್ವಲ್ಪವೇ ನೀರು ಚಿಮುಕಿಸಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ಕೆಲ ಕ್ಷಣ ನಿಂತು, ನೀರು ಆರಿದಂತೆ ಚಿಕ್ ಚಿಕ್ ಎಂದು ಮರಳಿದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ ಎಂದು ತಿಳಿಯಬಹುದು. ಆಲ್ಟರ್ನೇಟರ್ ಬಿಚ್ಚಿ ಕೂಡಿಸಿದ ಮೇಲೆ ಹೀಗಾಗುವುದುಂಟು. ಬೆಲ್ಟಿಗೆ ಸೋಪು ಉಜ್ಜುವುದು, ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ಸದ್ದು ಆ ಹೊತ್ತಿಗೆ ಅಡಗುತ್ತದೆ, ಎಣ್ಣೆ ಕುಡಿದ ರಬ್ಬರ್ ಮಾತ್ರ ಬೇಗ ಹಾಳಾಗುತ್ತದೆ. ಹೊಸ ಬೆಲ್ಟ್ ಹಾಕಿಸಿಬಿಡಿ.

ಬೆಲ್ಟ್ ಮೇಲೆಯೇ ಅನುಮಾನ ಉಳಿದರೆ ತಣ್ಣಗಿರುವ ಎಂಜಿನ್ನಿನ ಬೆಲ್ಟ್ ಬಿಚ್ಚಿಸಿ, ಒಂದು ನಿಮಿಷದೊಳಗೆ ಚಾಲೂ ಮಾಡಿ ಬಂದ್ ಮಾಡಿ. ಸದ್ದು ಮಾಯವಾದರೆ ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಪುಲ್ಲಿ ಬೇರಿಂಗ್. ಅವುಗಳ ಪುಲ್ಲಿಯನ್ನು ಆಗಲೇ ಕೈಯಿಂದ ತಿರುಗಿಸಿ ನೋಡಬಹುದು, ಕೆಟ್ಟ ಬೇರಿಂಗ್ ಮರಳು ಸಿಕ್ಕಿದಂತೆ ಬೆರಳಿಗೇ ತಿಳಿಯುತ್ತದೆ. ವಾಟರ್ ಪಂಪ್ ತಿರುಗದೆ ಎಂಜಿನ್ ಬಿಸಿಯೇರುತ್ತದೆ, ಆದ್ದರಿಂದ ಒಂದು ನಿಮಿಷ ಮೀರಬಾರದು. ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಬೆಲ್ಟಿನ ಮಾತು. ಪ್ಲಾಸ್ಟಿಕ್ ಕವಚದೊಳಗಿರುವ, ವಾಲ್ವ್‌ಗಳ ಲಯ ಕಾಯುವ ಟೈಮಿಂಗ್ ಬೆಲ್ಟನ್ನು ಮುಟ್ಟಬಾರದು.

ಕಿವಿಗೆ ಸ್ಕ್ರೂಡ್ರೈವರ್

ಹಳೆಯ ಮೆಕ್ಯಾನಿಕ್‌ಗಳ ಸ್ಟೆತಾಸ್ಕೋಪ್ ಇದೇ. ಒಂದಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಗಟ್ಟಿ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ. ಕಿವಿಯ ತೂತಿಗೆ ಬೇಡ, ಎಂಜಿನ್ ಅದುರಿದರೆ ಪೆಟ್ಟಾಗುತ್ತದೆ. ವಾಲ್ವ್ ಕವರ್ ಮೇಲೆ ಒಂದೊಂದು ಸಿಲಿಂಡರಿನ ನೇರಕ್ಕೆ ಇಟ್ಟು ಕೇಳಿ. ಆಮೇಲೆ ಬ್ಲಾಕಿನ ಪಕ್ಕಕ್ಕೆ, ಆಲ್ಟರ್ನೇಟರಿನ ಹಿಂಬದಿಗೆ, ವಾಟರ್ ಪಂಪಿನ ಮೈಗೆ ಇಡುತ್ತಾ ಹೋಗಿ. ಬರೀ ಕಿವಿಗೆ ಇಡೀ ಎಂಜಿನ್ ತುಂಬ ಹರಡಿದಂತಿದ್ದ ಸದ್ದು ಒಂದು ಕಡೆ ದಪ್ಪವಾಗಿ, ಒಂದು ಅಂಗುಲ ಸರಿಸಿದರೆ ತೆಳುವಾಗಿ ಕೇಳಲು ಶುರುವಾಗುತ್ತದೆ. ಗಾಳಿಯ ಸದ್ದುಗಳಿಗೆ, ಅಂದರೆ ಬುಸುಗುಡುವ ವ್ಯಾಕ್ಯೂಮ್ ಪೈಪಿಗೋ ಸೋರುವ ಎಕ್ಸಾಸ್ಟಿಗೋ, ಸ್ಕ್ರೂಡ್ರೈವರ್ ಪ್ರಯೋಜನವಿಲ್ಲ. ಅಲ್ಲಿಗೆ ಒಂದು ತುಂಡು ರಬ್ಬರ್ ಪೈಪ್ ಬೇಕು, ಒಂದು ತುದಿ ಕಿವಿಯ ಬಳಿ, ಇನ್ನೊಂದು ತುದಿಯನ್ನು ಅನುಮಾನವಿರುವ ಕಡೆ ಆಡಿಸಬೇಕು.

ಟ್ಯಾಪೆಟ್ ಮತ್ತು ಅದರ ಸೋಗು ಹಾಕುವವರು

ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 900 ಸುತ್ತು ಹಾಕುತ್ತಿದ್ದರೆ ಕ್ಯಾಮ್ 450 ಸುತ್ತು, ಅಂದರೆ ಸೆಕೆಂಡಿಗೆ ಏಳೋ ಎಂಟೋ. ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಅಷ್ಟೇ ಲಯದಲ್ಲಿ, ಹೊಲಿಗೆ ಯಂತ್ರದಂತೆ ಹಗುರವಾಗಿ, ಎಂಜಿನ್ನಿನ ಮೇಲ್ಭಾಗದಿಂದ ಟಿಕಟಿಕ ಕೇಳುತ್ತದೆ. ಕಾರ್ಬ್ಯುರೇಟರ್ ಕಾಲದ ಮಾರುತಿ 800ರ ಮೂರು ಸಿಲಿಂಡರ್, 796 ಸಿಸಿ ಎಂಜಿನ್ನಿನಲ್ಲಿ ಆರೇ ವಾಲ್ವ್‌ಗಳು. ಕವರ್ ತೆಗೆದರೆ ರಾಕರ್ ತೋಳುಗಳ ತುದಿಯಲ್ಲಿ ಸ್ಕ್ರೂ, ಅದಕ್ಕೊಂದು ಲಾಕ್ ನಟ್. ಸಂಬಂಧಪಟ್ಟ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ಎಂಜಿನ್ ತಿರುಗಿಸಿ, ಕಾರಿನ ಕೈಪಿಡಿ ಹೇಳುವ ದಪ್ಪದ ಫೀಲರ್ ಗೇಜ್ ತಗಡನ್ನು ಸ್ಕ್ರೂವಿಗೂ ವಾಲ್ವ್ ತುದಿಗೂ ನಡುವಿನ ಸಂದಿನಲ್ಲಿ ತೂರಿಸಬೇಕು. ತಗಡು ಸಲೀಸಾಗಿ ಓಡಾಡಬಾರದು, ಸಿಕ್ಕಿಯೂ ಬೀಳಬಾರದು. ಬೆರಳಿಗೆ ಸಣ್ಣ ಎಳೆತ ತಿಳಿಯಬೇಕು. ನಟ್ ಬಿಗಿಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗಿಬಿಡುತ್ತದೆ, ಹಾಗಾಗಿ ಬಿಗಿಮಾಡಿದ ಮೇಲೆ ಇನ್ನೊಮ್ಮೆ ಅಳೆಯದೆ ಕವರ್ ಮುಚ್ಚುವಂತಿಲ್ಲ. ಅನುಭವವಿರುವವರಿಗೆ ಒಂದು ಗಂಟೆಯ ಕೆಲಸ.

ಇಲ್ಲಿ ಒಂದು ಎಚ್ಚರಿಕೆ. ಸದ್ದೇ ಬರದಂತೆ ಟ್ಯಾಪೆಟ್ ಬಿಗಿ ಮಾಡಿಕೊಡುವ ಮೆಕ್ಯಾನಿಕ್ ಗ್ರಾಹಕರಿಗೆ ಅಚ್ಚುಮೆಚ್ಚು. ಆದರೆ ಅತಿಯಾಗಿ ಬಿಗಿಯಾದ ವಾಲ್ವ್ ಬಿಸಿಯಾದಾಗ ಪೂರ್ತಿ ಮುಚ್ಚುವುದಿಲ್ಲ, ಅಂಚು ಸುಟ್ಟುಹೋಗುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಹಳೆಯ ಕಾರುಗಳಲ್ಲಿ ವಾಲ್ವ್ ಸೀಟ್ ಬೇಗ ಸವೆಯುವುದರಿಂದ ಈ ಸಂದು ಸದ್ದಿಲ್ಲದೆ ಕಿರಿದಾಗುತ್ತಾ ಹೋಗುತ್ತದೆ. ಸ್ವಲ್ಪ ಟಿಕಟಿಕ ಎನ್ನುವ ಟ್ಯಾಪೆಟ್ ಮೂಕ ಟ್ಯಾಪೆಟ್ಟಿಗಿಂತ ಒಳ್ಳೆಯದು. ಆಯಿಲ್ ಒತ್ತಡದಿಂದ ತಾನೇ ಸಂದು ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ಈ ಹೊಂದಾಣಿಕೆಯೇ ಇಲ್ಲ. ಅಲ್ಲಿ ಬೆಳಗ್ಗೆ ಕೆಲ ಸೆಕೆಂಡು ಸದ್ದು ಬಂದು ನಿಲ್ಲುತ್ತಿದ್ದರೆ ಆಯಿಲ್ ಮತ್ತು ಒಳ್ಳೆಯ ಫಿಲ್ಟರ್ ಬದಲಿಸಿ ನೋಡುವುದೇ ಮೊದಲ ಮದ್ದು.

ಟ್ಯಾಪೆಟ್ ಎಂದು ನಂಬಿಸಿ ಮೋಸ ಮಾಡುವವು ಎರಡು. ಒಂದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ತಣ್ಣಗಿರುವಾಗ ಟಪ್ ಟಪ್ ಎಂದು ಸೋರಿ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಸುಮ್ಮನಾಗುತ್ತದೆ. ಜೋಡಣೆಯ ಬಳಿ ಕಪ್ಪು ಮಸಿ ಕಂಡರೆ ಕಳ್ಳ ಸಿಕ್ಕಂತೆ. ಎಂಜಿನ್ ಚಾಲೂ ಮಾಡಿದ ಕೂಡಲೇ, ಕೊಳವೆ ಇನ್ನೂ ತಣ್ಣಗಿರುವಾಗ, ದಪ್ಪ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಸೋರಿಕೆ ಬುಸ್ಸೆಂದು ತನ್ನ ಜಾಗ ತೋರಿಸುತ್ತದೆ. ಉಡುಪಿ, ಕಾರವಾರದ ಕಡೆ, ಉಪ್ಪುಗಾಳಿ ತಿಂದ ಸೈಲೆನ್ಸರಿಗೆ ಈ ಪರೀಕ್ಷೆಯನ್ನು ಮೊದಲೇ ಮಾಡುವುದು ಜಾಣತನ. ಇನ್ನೊಂದು, ಸಡಿಲವಾದ ಸ್ಪಾರ್ಕ್ ಪ್ಲಗ್. ನನ್ನ ಭಾವನ ಝೆನ್ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೆಡ್ ಬಿಚ್ಚುವ ದಿನ ನಿಗದಿಯಾಗಿತ್ತು. ಪ್ಲಗ್ಗಿನ ಬುಡದಲ್ಲಿ ಎಣ್ಣೆ ಮಸಿಯ ಉಂಗುರವೊಂದು ಕಂಡಿದ್ದರಿಂದ ತಣ್ಣಗಾದ ಎಂಜಿನ್ನಿನಲ್ಲಿ ಅದನ್ನು ಕಾಲು ಸುತ್ತು ಬಿಗಿ ಮಾಡಿದೆವು, ಸದ್ದು ಅಲ್ಲಿಗೇ ಮುಗಿಯಿತು. ಆ ಕಾರು ಇನ್ನೂ ಓಡುತ್ತಿದೆ.

ಘಾಟಿ ಹತ್ತುವಾಗ ಮಾತ್ರ

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ದೊಡ್ಡ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಹತ್ತಿಸುವಾಗ ಗಾಜಿನ ಗೋಲಿಗಳು ಉರುಳಿದಂಥ ಕಣಕಣ ಸದ್ದು ಕೇಳಿ, ಕಾಲು ಸಡಿಲಿಸಿದೊಡನೆ ನಿಂತರೆ ಅದು ಪೆಟ್ರೋಲ್ ಹೊತ್ತಬೇಕಾದ ರೀತಿಯಲ್ಲಿ ಹೊತ್ತುತ್ತಿಲ್ಲವೆಂಬುದರ ಗುರುತು. ಬೇಗನೆ ಸಣ್ಣ ಗೇರಿಗೆ ಬನ್ನಿ. ಆಮೇಲೆ ಕಾರಣ ಹುಡುಕಿ: ಎಂಜಿನ್ ಬಿಸಿಯಾಗುತ್ತಿದೆಯೇ, ಪ್ಲಗ್ ಸರಿಯಾದ ನಮೂನೆಯದೇ, ಒಳಗೆ ಕಾರ್ಬನ್ ಕಟ್ಟಿದೆಯೇ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಕಾರಾದರೆ ಯಾರೋ ಪಿಕಪ್ ಹೆಚ್ಚಲಿ ಎಂದು ಕಿಡಿಯ ಟೈಮಿಂಗ್ ಮುಂದಕ್ಕೆ ತಿರುಗಿಸಿಟ್ಟಿರುವ ಸಾಧ್ಯತೆ ಬಲವಾಗಿದೆ. ಇದನ್ನು ಅಲಕ್ಷಿಸಿ ವರ್ಷಗಟ್ಟಲೆ ಓಡಿಸಿದರೆ ಪಿಸ್ಟನ್ ಹಾಳಾಗುತ್ತದೆ.

ನಿಜಕ್ಕೂ ಭಯಪಡಬೇಕಾದವು

ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಟೊಳ್ಳಾದ ಡಬ್ ಡಬ್ ಕೇಳಿ, ಬಿಸಿಯಾದಂತೆ ಕರಗಿಹೋದರೆ ಅದು ಸವೆದ ಪಿಸ್ಟನ್ ಸಿಲಿಂಡರಿನೊಳಗೆ ಒಲೆದಾಡುವ ಸದ್ದು. ಹೊಗೆ ಕಾರದೆ, ಆಯಿಲ್ ಹೆಚ್ಚು ಕುಡಿಯದೆ ಇದ್ದರೆ ಇಂಥ ಎಂಜಿನ್ ಎಷ್ಟೋ ವರ್ಷ ದುಡಿಯುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಇದಕ್ಕೆ ತದ್ವಿರುದ್ಧ. ಬಿಸಿಯಾದಂತೆ, ಆಯಿಲ್ ತೆಳುವಾದಂತೆ, ಕೆಳಗಿನಿಂದ ಸುತ್ತಿಗೆಯ ಪೆಟ್ಟು ಸ್ಪಷ್ಟವಾಗುತ್ತದೆ. ಎಂಜಿನ್ ವೇಗ ಏರಿಸಿ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯಲು, ಇಂಜೆಕ್ಟರ್ ಇರುವ ಕಾರಾದರೆ, ಎಂಜಿನ್ ಬಂದ್ ಮಾಡಿ ಒಂದು ಇಂಜೆಕ್ಟರಿನ ಕನೆಕ್ಟರ್ ಬಿಡಿಸಿ, ಮತ್ತೆ ಚಾಲೂ ಮಾಡಿ ಕೇಳಬೇಕು. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತದಿದ್ದಾಗ ಬೇರಿಂಗ್ ಮೇಲಿನ ಭಾರ ಇಳಿದು ಗುದ್ದು ಮೆತ್ತಗಾದರೆ ದೋಷ ಅಲ್ಲಿಯೇ ಇದೆ. ಟ್ಯಾಪೆಟ್ ಸದ್ದಾದರೆ ಏನೂ ಬದಲಾಗುವುದಿಲ್ಲ. ಓಡುವ ಎಂಜಿನ್ನಿನ ಪ್ಲಗ್ ವೈರನ್ನು ಕೈಯಲ್ಲಿ ಎಳೆಯುವ ಹಳೆಯ ಪದ್ಧತಿ ಬೇಡ. ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ.

ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕಡೆಯಿಂದ ಬರುವ ಸದ್ದನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಮೊದಲ ಪೀಳಿಗೆಯ ಸ್ವಿಫ್ಟ್ ಡೀಸೆಲ್‌ನಲ್ಲಿದ್ದ 1.3 ಲೀಟರ್ ಎಂಜಿನ್ನಿನಲ್ಲಿರುವುದು ಚೈನ್. ಅದು ಸಡಿಲವಾದಾಗ ಬೆಳಗಿನ ಚಾಲೂವಿನಲ್ಲಿ ಜರಜರ ಎಂದು ಮುನ್ಸೂಚನೆಯನ್ನಾದರೂ ಕೊಡುತ್ತದೆ. ಬೆಲ್ಟ್ ಹೆಚ್ಚಾಗಿ ಏನನ್ನೂ ಹೇಳದೆ ತುಂಡಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂಬ ದಾಖಲೆ ಇಲ್ಲದಿದ್ದರೆ, ಸದ್ದು ಇರಲಿ ಇಲ್ಲದಿರಲಿ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸಮೇತ ಹೊಸದು ಹಾಕಿಸಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು

"ಏನೋ ಸದ್ದು ಬರುತ್ತಿದೆ, ನೋಡಿ" ಎಂದರೆ ಬಿಲ್ ಎತ್ತ ಬೇಕಾದರೂ ಹೋಗಬಹುದು. "ಬೆಳಗ್ಗೆ ಮೊದಲ ಐದು ನಿಮಿಷ ಮಾತ್ರ, ಮೇಲಿನಿಂದ, ಎ.ಸಿ. ಹಾಕಿದರೂ ಕ್ಲಚ್ ಒತ್ತಿದರೂ ಬದಲಾಗುವುದಿಲ್ಲ, ಆಯಿಲ್ ಸರಿಯಿದೆ" ಎಂದು ಹೇಳಿ. ತಣ್ಣಗಿರುವಾಗ ಬರುವ ಸದ್ದಾದರೆ ರಾತ್ರಿಯೇ ಕಾರು ಬಿಟ್ಟು ಬನ್ನಿ, ನೀವು ಓಡಿಸಿಕೊಂಡು ಹೋಗಿ ತಲುಪುವಷ್ಟರಲ್ಲಿ ಅದು ಅಡಗಿರುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಆದರೆ ಆಳದ ಗುದ್ದುಗಳನ್ನು ಮೊಬೈಲ್ ಮೈಕು ಸರಿಯಾಗಿ ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಎಂಜಿನ್ ಇಳಿಸಲೇಬೇಕು ಎಂದರೆ ಆಯಿಲ್ ಒತ್ತಡವನ್ನು ಗೇಜ್ ಹಾಕಿ, ಪ್ರತಿ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೇಳುವ ಒತ್ತಡ) ಅಳೆದು, ಅಂಕಿಗಳನ್ನು ಬರೆದುಕೊಡಲು ಕೇಳಿ. ಎರಡೂ ಅರ್ಧ ದಿನದೊಳಗೆ ಆಗುವ ಪರೀಕ್ಷೆಗಳು. ಅಂಕಿಗಳು ಕೆಟ್ಟಿದ್ದರೆ ವಾದಿಸಬೇಡಿ. ಆಗ ಸವೆದ ಸಿಲಿಂಡರನ್ನು ಕೊರೆದು ಸರಿಪಡಿಸುವ ಬೋರಿಂಗ್ ಖರ್ಚನ್ನೂ ಕಾರಿನ ಮಾರುಕಟ್ಟೆ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಗುಜರಿಯಿಂದ ಬದಲಿ ಎಂಜಿನ್ ತಂದು ಹಾಕಿಸುವುದು ಅಗ್ಗವೆನಿಸಿದರೆ, ಅದು ಯಾವ ಕಾರಿನದೆಂಬ ಕಾಗದಪತ್ರವನ್ನು ಹಣ ಕೊಡುವ ಮೊದಲೇ ಪಡೆದುಕೊಳ್ಳಿ. ಹೊಸ ಎಂಜಿನ್ ಸಂಖ್ಯೆ ಆರ್‌ಟಿಒ ಕಚೇರಿಯ ಮೂಲಕ ಆರ್‌ಸಿಗೆ ಏರಬೇಕು. ಆ ಕಾಗದಗಳಿಲ್ಲದೆ ಅದು ಆಗುವ ಕೆಲಸವಲ್ಲ.